ಕರುಳಿನ ಕ್ಯಾನ್ಸರ್ ಸಂಶೋಧನೆ: ಉಲ್ಲೇಖಗಳ ಎಣಿಕೆ ಏನನ್ನು ಹೇಳುತ್ತದೆ?

ಜಗತ್ತಿನ ಅಗ್ರ ಶೇಕಡಾ 2ರಷ್ಟು ವಿಜ್ಞಾನಿಗಳ ಪಟ್ಟಿ ಹೊರಬಿದ್ದಾಗಲೆಲ್ಲ ಕರ್ನಾಟಕದ ಪತ್ರಿಕೆಗಳಲ್ಲಿ ಅಭಿನಂದನೆಯ ಸುದ್ದಿಗಳು ಕಾಣಿಸಿಕೊಳ್ಳುತ್ತವೆ. ಈಚೆಗೆ ಅದೇ ಬಗೆಯ ಅಂಕಿಗಳು ವೈದ್ಯರ ಪರಿಚಯಪತ್ರಗಳಿಗೂ ಬಂದಿವೆ: ಇಷ್ಟು ಪ್ರಬಂಧಗಳು, ಇಷ್ಟು ಉಲ್ಲೇಖಗಳು, ಇಷ್ಟು ಎಚ್-ಸೂಚ್ಯಂಕ. ಅಮೆರಿಕದಲ್ಲಿ ನೆಲೆಸಿ ವೈದ್ಯಕೀಯ ಪ್ರಬಂಧಗಳನ್ನು ಓದುವುದೇ ವೃತ್ತಿಯಾಗಿರುವ ನನಗೆ, ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಎಂದು ತಿಳಿದ ಬಂಧುಗಳು ಈ ಅಂಕಿಗಳನ್ನು ಕಳುಹಿಸಿ, ‘ಇವರಲ್ಲಿಗೆ ಹೋಗಬಹುದೇ?’ ಎಂದು ಕೇಳುವುದುಂಟು. ಪ್ರಶ್ನೆ ಸಹಜವಾದದ್ದು. 2022ರಲ್ಲಿ ಜಗತ್ತಿನಾದ್ಯಂತ ಸುಮಾರು 19 ಲಕ್ಷ ಜನರಲ್ಲಿ ದೊಡ್ಡ ಕರುಳು ಮತ್ತು ಗುದನಾಳದ ಕ್ಯಾನ್ಸರ್ ಪತ್ತೆಯಾಯಿತು. ಸುಮಾರು 9 ಲಕ್ಷ ಜನ ಅದರಿಂದ ಮೃತಪಟ್ಟರು. ಆದರೆ ಆ ಅಂಕಿಗಳು ಈ ಪ್ರಶ್ನೆಗೆ ಉತ್ತರವಾಗಬಲ್ಲವೇ?

ಎಚ್-ಸೂಚ್ಯಂಕವನ್ನು 2005ರಲ್ಲಿ ಸೂಚಿಸಿದ ಹೋರ್ಹೆ ಹಿರ್ಷ್ ವೈದ್ಯರಲ್ಲ, ಭೌತವಿಜ್ಞಾನಿ. ಲೆಕ್ಕ ಸರಳ. ಒಬ್ಬರ 40 ಪ್ರಬಂಧಗಳನ್ನು ಇತರರು ತಲಾ 40 ಬಾರಿಯಾದರೂ ಉಲ್ಲೇಖಿಸಿದ್ದರೆ ಅವರ ಸೂಚ್ಯಂಕ 40. ಇನ್ನೊಬ್ಬರು ಜೀವಮಾನದಲ್ಲಿ ಐದೇ ಪ್ರಬಂಧ ಬರೆದು, ಪ್ರತಿಯೊಂದೂ ಸಾವಿರಾರು ಬಾರಿ ಉಲ್ಲೇಖಗೊಂಡಿದ್ದರೂ ಅವರ ಸೂಚ್ಯಂಕ ಐದನ್ನು ದಾಟದು. ಉಲ್ಲೇಖವೆಂಬುದೂ ಒಂದೇ ಅರ್ಥದ ಕ್ರಿಯೆಯಲ್ಲ. ‘ಸಿಎ’ ಎಂಬ ಅಮೆರಿಕನ್ ಕ್ಯಾನ್ಸರ್ ಪತ್ರಿಕೆಯ ಪ್ರಭಾವಾಂಕ ಕೆಲವು ವರ್ಷ 500ನ್ನು ದಾಟಿದೆ. ಹೆಸರಾಂತ ಪತ್ರಿಕೆಗಳು ನೂರರ ಆಸುಪಾಸಿಗೆ ಬಂದರೆ ದೊಡ್ಡದು. ಅದಕ್ಕೆ ಮುಖ್ಯ ಕಾರಣ, ಆ ಪತ್ರಿಕೆ ಪ್ರಕಟಿಸುವ ರೋಗಿಗಳ ಅಂಕಿಅಂಶಗಳು. ಜಠರದ್ದಿರಲಿ, ಯಕೃತ್ತಿನದಿರಲಿ, ಯಾವ ಕ್ಯಾನ್ಸರ್ ಪ್ರಬಂಧವೂ ‘ಈ ರೋಗವು ಇಷ್ಟು ಜನರನ್ನು ಬಾಧಿಸುತ್ತದೆ’ ಎಂದು ಆರಂಭವಾಗುವುದು ವಾಡಿಕೆ; ಆ ಮೊದಲ ವಾಕ್ಯಕ್ಕೊಂದು ಆಧಾರ ಬೇಕು. ಅಂಕಿಅಂಶ ಅತ್ಯಗತ್ಯ, ನಿಜ. ಆದರೆ ಮೊದಲ ವಾಕ್ಯಕ್ಕೆ ಒದಗುವುದು ಬೇರೆ, ಚಿಕಿತ್ಸೆಯನ್ನು ಬದಲಿಸುವುದು ಬೇರೆ.

ಎಣಿಕೆಯೂ ಉಪಯೋಗವೂ ಒಂದಾದ ಉದಾಹರಣೆಗಳಿಲ್ಲವೆಂದಲ್ಲ. ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಬರ್ಟ್ ವೋಗೆಲ್‌ಸ್ಟೈನ್ ಜಗತ್ತಿನಲ್ಲೇ ಅತಿ ಹೆಚ್ಚು ಉಲ್ಲೇಖಿತರಾದ ವಿಜ್ಞಾನಿಗಳಲ್ಲೊಬ್ಬರು. ಎರಿಕ್ ಫಿಯರನ್ ಅವರೊಡನೆ 1990ರಲ್ಲಿ ‘ಸೆಲ್’ ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ, ಕರುಳಿನ ಒಳಪದರದ ನಿರುಪದ್ರವಿ ಗಂಟು ಹಂತಹಂತವಾಗಿ ಜೀನ್‌ಗಳ ಬದಲಾವಣೆಯಿಂದ ಕ್ಯಾನ್ಸರ್ ಆಗುವ ಬಗೆಯನ್ನು ಅವರು ವಿವರಿಸಿದರು. ಅದರಲ್ಲಿ ಬರುವ ಕೆ-ರಾಸ್ ಜೀನನ್ನು ಇಂದು ಕರುಳಿನ ಕ್ಯಾನ್ಸರ್ ಬೇರೆಡೆಗೆ ಹರಡಿದ ರೋಗಿಯಲ್ಲಿ ಪರೀಕ್ಷಿಸುತ್ತಾರೆ; ಅದು ಬದಲಾಗಿದ್ದರೆ ಸೆಟುಕ್ಸಿಮಾಬ್‌ನಂಥ ದುಬಾರಿ ಔಷಧಿಯಿಂದ ಪ್ರಯೋಜನವಿಲ್ಲ.

ಇದರ ಪಕ್ಕದಲ್ಲಿ ಇಡಬೇಕಾದ ಹೆಸರು ಬಿಲ್ ಹೀಲ್ಡ್. ಇಂಗ್ಲೆಂಡಿನ ಬೇಸಿಂಗ್‌ಸ್ಟೋಕ್ ಎಂಬ ಊರಿನ ಸಾಮಾನ್ಯ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯರಾಗಿದ್ದವರು. ಗುದನಾಳದ ಗಡ್ಡೆಯನ್ನು ತೆಗೆದ ಮೇಲೂ ರೋಗ ಅದೇ ಜಾಗದಲ್ಲಿ ಮರುಕಳಿಸುವುದು ಆ ಕಾಲದಲ್ಲಿ ತೀರ ಸಾಮಾನ್ಯವಾಗಿತ್ತು. ಗುದನಾಳವನ್ನು ಸುತ್ತಿರುವ ಕೊಬ್ಬಿನ ಹೊದಿಕೆಯಲ್ಲಿ, ಅಂದರೆ ಮೀಸೋರೆಕ್ಟಮ್‌ನಲ್ಲಿ, ಉಳಿದುಹೋದ ಸೂಕ್ಷ್ಮ ಕಣಗಳೇ ಇದಕ್ಕೆ ಕಾರಣವೆಂದು ಹೀಲ್ಡ್ ಮತ್ತು ಸಂಗಡಿಗರು 1982ರ ನಾಲ್ಕು ಪುಟದ ಪ್ರಬಂಧದಲ್ಲಿ ವಾದಿಸಿದರು. ಕೈಯಿಂದ ಬಿಡಿಸಿ ತೆಗೆಯುವ ಬದಲು, ಕಣ್ಣಿಗೆ ಕಾಣುವಂತೆ ಕತ್ತರಿಸುತ್ತ ಆ ಹೊದಿಕೆಯನ್ನು ಹರಿಯದಂತೆ ಇಡಿಯಾಗಿ ತೆಗೆಯಬೇಕೆಂಬುದು ಅವರ ವಿಧಾನ. 1986ರಲ್ಲಿ ‘ಲ್ಯಾನ್ಸೆಟ್’ನಲ್ಲಿ 115 ರೋಗಿಗಳ ವಿವರ ಬಂತು: ಐದು ವರ್ಷಗಳಲ್ಲಿ ಅದೇ ಜಾಗದ ಮರುಕಳಿಕೆ ಶೇಕಡಾ 3.7.

ಹಲವರು ನಂಬಲಿಲ್ಲ. ಓದಿ ಕಲಿಯುವ ವಿದ್ಯೆಯೂ ಅದಲ್ಲ. ಹೀಲ್ಡ್ ಊರೂರು ತಿರುಗಿ, ಇತರ ಶಸ್ತ್ರವೈದ್ಯರ ಎದುರಲ್ಲೇ ಶಸ್ತ್ರಕ್ರಿಯೆ ಮಾಡಿ ತೋರಿಸಿದರು. ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ 1990ರ ದಶಕದಲ್ಲಿ ನಡೆದ ತರಬೇತಿಯ ನಂತರ ಎರಡು ವರ್ಷಗಳೊಳಗಿನ ಮರುಕಳಿಕೆ ಶೇಕಡಾ 14–15ರಿಂದ 6ಕ್ಕೆ ಇಳಿಯಿತು. ಗುದದ್ವಾರವನ್ನೇ ತೆಗೆದು ಬದುಕಿನುದ್ದಕ್ಕೂ ಹೊಟ್ಟೆಗೆ ಚೀಲ ಕಟ್ಟಿಕೊಳ್ಳಬೇಕಾದವರ ಪ್ರಮಾಣ ಸುಮಾರು ಅರ್ಧಕ್ಕೆ ಬಂತು. ಹೀಲ್ಡ್ ಅವರ ಪ್ರಬಂಧಗಳೂ ಸಾಕಷ್ಟು ಉಲ್ಲೇಖಗೊಂಡಿವೆ. ಆದರೆ ತೋರಿಸಿ ಕಲಿಸಿದ ಆ ದಿನಗಳು ಯಾವ ಸೂಚ್ಯಂಕದಲ್ಲೂ ಸೇರಿಲ್ಲ. ನನ್ನ ಮಟ್ಟಿಗೆ ಅವರ ಪ್ರಭಾವದ ನಿಜವಾದ ಅಳತೆ ಸ್ಟಾಕ್‌ಹೋಮ್‌ನ ಆ ಅಂಕಿಗಳೇ.

ಎಣಿಕೆಗೆ ಬೆಲೆ ಬಂದಲ್ಲಿ ಎಣಿಕೆಯನ್ನು ಹಿಗ್ಗಿಸುವ ವ್ಯಾಪಾರವೂ ಬರುತ್ತದೆ. ಅತಿ ಹೆಚ್ಚು ಉಲ್ಲೇಖಿತರ ಪಟ್ಟಿ ಪ್ರಕಟಿಸುವ ಕ್ಲಾರಿವೇಟ್ ಸಂಸ್ಥೆ 2023ರಲ್ಲಿ ಸಾವಿರಕ್ಕೂ ಹೆಚ್ಚು ಹೆಸರುಗಳನ್ನು ಅನುಮಾನದಿಂದ ಕೈಬಿಟ್ಟಿತು. ಅದೇ ವರ್ಷ ಜಗತ್ತಿನಲ್ಲಿ ಹಿಂತೆಗೆದುಕೊಂಡ ಪ್ರಬಂಧಗಳು 10,000ವನ್ನು ಮೀರಿದವು. ಹಣಕ್ಕೆ ಪ್ರಬಂಧ ಬರೆದುಕೊಡುವ ಕಾರ್ಖಾನೆಗಳಿಗೆ ಕ್ಯಾನ್ಸರ್ ಜೀನ್‌ಗಳು ಅಚ್ಚುಮೆಚ್ಚು: ಜೀನಿನ ಹೆಸರನ್ನೂ ಅಂಗದ ಹೆಸರನ್ನೂ ಬದಲಿಸಿದರೆ ಹೊಸದೊಂದು ಪ್ರಬಂಧ ಸಿದ್ಧ. ಸಿಡ್ನಿಯ ಜೆನಿಫರ್ ಬರ್ನ್ ಇಂಥವನ್ನು ವರ್ಷಗಟ್ಟಲೆ ಪತ್ತೆಹಚ್ಚಿದ್ದಾರೆ. ಭಾರತದಲ್ಲಿ ವೈದ್ಯಕೀಯ ಅಧ್ಯಾಪಕರ ಬಡ್ತಿಗೂ ಪ್ರಕಟಣೆಗಳ ಸಂಖ್ಯೆಯನ್ನು ನಿಯಮ ಮಾಡಿದ್ದರಿಂದ ಹಗಲಿರುಳು ರೋಗಿಗಳನ್ನು ನೋಡುವವರ ಮೇಲೂ ಅದೇ ಒತ್ತಡ ಬಿದ್ದಿದೆ. ಇದನ್ನು ಅವರ ದೋಷವೆಂದು ನಾನು ಎಣಿಸಲಾರೆ.

ಆದ್ದರಿಂದ ಅಂಕಿಗಳನ್ನು ಕಳುಹಿಸುವ ಬಂಧುಗಳಿಗೆ ನಾನು ಬೇರೆ ಪ್ರಶ್ನೆಗಳನ್ನು ಬರೆದುಕೊಡುತ್ತೇನೆ. ಈ ತಂಡ ವರ್ಷಕ್ಕೆ ಎಷ್ಟು ಗುದನಾಳದ ಶಸ್ತ್ರಕ್ರಿಯೆ ಮಾಡುತ್ತದೆ? ಶಸ್ತ್ರವೈದ್ಯರು, ವಿಕಿರಣ ತಜ್ಞರು, ಔಷಧ ತಜ್ಞರು ಒಟ್ಟಿಗೆ ಕುಳಿತು ಚಿಕಿತ್ಸೆಯನ್ನು ನಿರ್ಧರಿಸುತ್ತಾರೆಯೇ? ಶಸ್ತ್ರಕ್ರಿಯೆಯ ನಂತರ ಪ್ರಯೋಗಾಲಯದ ವರದಿಯಲ್ಲಿ ಮೀಸೋರೆಕ್ಟಮ್ ಇಡಿಯಾಗಿ ಬಂದಿದೆಯೇ, ಅಂಚಿನಲ್ಲಿ ರೋಗ ಉಳಿದಿದೆಯೇ ಎಂಬುದನ್ನು ಬರೆಯುತ್ತಾರೆಯೇ? ಕೊನೆಯ ಪ್ರಶ್ನೆಗೆ ಉತ್ತರ ಸಿಗುವುದು ಒಂದೇ ಹಾಳೆಯಲ್ಲಿ, ಮತ್ತು ಆ ಹಾಳೆಯ ಪ್ರತಿಯನ್ನು ರೋಗಿ ಕೇಳಿ ಪಡೆಯಬಹುದು.