ಅಡ್ವಾನ್ಸ್ ನಮ್ಮ ದುಡ್ಡಲ್ಲ
ಬೆಂಗಳೂರಿನಲ್ಲಿ ಮೊದಲ ಸಲ ಮನೆ ಬಾಡಿಗೆಗೆ ಕೊಡುವವರೂ 10 ತಿಂಗಳ ಅಡ್ವಾನ್ಸ್ ಕೇಳುವುದು ನನಗೆ ಒಪ್ಪಿಗೆಯಿಲ್ಲ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡೇ ತಿಂಗಳ ಮಿತಿ. ಅದು ರಾಜ್ಯಗಳಿಗೆ ಮಾದರಿ ಮಾತ್ರ, ನಿಜ. ನಮ್ಮ ಮಹಡಿ ಮನೆಗೆ ನಾನು ಮೂರು ತಿಂಗಳದ್ದು ತೆಗೆದುಕೊಂಡು ಬ್ಯಾಂಕಿನಲ್ಲಿ ಬೇರೆಯೇ ಇಟ್ಟಿದ್ದೇನೆ. ಮಗಳ ಮದುವೆಗೂ ಮುಟ್ಟಲಿಲ್ಲ. "ಹೊಸಬರು ಬರಲಿ, ಕೊಡ್ತೀನಿ" ಎಂದು ಖಾಲಿ ಮಾಡುವವರನ್ನು ಅಲೆದಾಡಿಸುವ ಓನರುಗಳು ನಮ್ಮ ಬೀದಿಯಲ್ಲೇ ಇದ್ದಾರೆ. ಪೇಂಟಿಂಗ್‌ಗೆಂದು ಒಂದು ತಿಂಗಳ ಬಾಡಿಗೆ ಹಿಡಿಯುತ್ತಾರೆ, ಬಣ್ಣ ಮಾತ್ರ ಹೊಡೆಸುವುದಿಲ್ಲ!

ಬ್ರೋಕರ್ ಇಲ್ಲದೆ ನೀವೇ ಮನೆ ಬಾಡಿಗೆಗೆ ಕೊಟ್ಟು ನೋಡಿಕೊಳ್ಳುವುದಾದರೆ, ಸಂಪಿನ ಮೋಟರ್ ಕೆಟ್ಟರೆ ಖರ್ಚು ಯಾರದೆಂದು 11 ತಿಂಗಳ ಕರಾರು ಪತ್ರದಲ್ಲೇ ಬರೆಯಿರಿ. ಕಂದಾಯ ಕಳೆದುಳಿದ ಬಾಡಿಗೆಯಲ್ಲಿ ಶೇ. 30ರಷ್ಟಕ್ಕೆ ಆದಾಯ ತೆರಿಗೆ ಇಲಾಖೆ ರಿಪೇರಿಯಂಥ ಖರ್ಚುಗಳ ಲೆಕ್ಕದಲ್ಲಿ, ಬಿಲ್ಲು ಕೇಳದೆ ವಿನಾಯಿತಿ ಕೊಡುತ್ತದೆ. ಹೀಗಿರುವಾಗ ಸೋರುವ ನಲ್ಲಿಯ ವಾಷರ್‌ಗೂ ಬಾಡಿಗೆಯವರ ಹತ್ತಿರ ಕಾಸು ಕೇಳುವುದೇ?