ಒಂದು ವೋಟಿನ ಬೆಲೆ ಗೊತ್ತಿರೋ ಊರಿಂದ ಒಂದು ಪ್ರಶ್ನೆ



ಮೊನ್ನೆ ಕುಂತೂರಲ್ಲಿ ಲಾ ಓದ್ತಿರೋ ಹುಡುಗನೊಬ್ಬ ಕೇಳ್ದ: "ಅಣ್ಣ, ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಜಡ್ಜ್‌ಗಳನ್ನ ಜನಾನೇ ವೋಟ್ ಹಾಕಿ ಆರಿಸ್ತಾರಂತೆ. ನಮ್ಮ ಹೈಕೋರ್ಟಿಗೂ ಹಂಗೇ ಮಾಡಿದ್ರೆ?"

ವೋಟಿನ ಬೆಲೆ ನಮ್ಮ ಭಾಗದೋರಿಗೆ ಹೇಳ್ಕೊಡಬೇಕಿಲ್ಲ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಅವರು ಎ.ಆರ್. ಕೃಷ್ಣಮೂರ್ತಿ ಅವರ ವಿರುದ್ಧ ಗೆದ್ದದ್ದು ಒಂದೇ ಒಂದು ವೋಟಲ್ಲಿ. ಆದ್ರೂ ನಾನು ಹೇಳಿದ್ದು, "ಬೇಡಪ್ಪ."

ಯಾಕೆ? 2025ರ ಏಪ್ರಿಲ್‌ನಲ್ಲಿ ವಿಸ್ಕಾನ್ಸಿನ್ ರಾಜ್ಯದಲ್ಲಿ ಒಂದೇ ಒಂದು ಜಡ್ಜ್ ಸೀಟಿಗೆ ಖರ್ಚಾಗಿದ್ದು ಹತ್ತಿರ ಹತ್ತಿರ 10 ಕೋಟಿ ಡಾಲರ್. ಎಲಾನ್ ಮಸ್ಕ್ ತಾನೇ ಅಖಾಡಕ್ಕೆ ಇಳಿದಿದ್ದ. ಅವನ ಕಡೆಯೋರು ಸೋತ್ರು, ಆ ಮಾತು ಬೇರೆ. ನಮ್ಮಲ್ಲಿ ಇನ್ನೊಂದು ಕಷ್ಟ ಇದೆ. 1932ರ ಪೂನಾ ಒಪ್ಪಂದದಿಂದ ನಾವು ಕಲಿತ ಪಾಠ ಅದು. ಮೀಸಲು ಕ್ಷೇತ್ರದಲ್ಲಿ ಗೆದ್ದ ನಮ್ಮೋರೂ ಸವರ್ಣರ ವೋಟಿಗೆ ಹೆದರಿ ಬಾಯಿ ಮುಚ್ಕೋತಾರೆ. ಆ ಹೆದರಿಕೆ ಜಡ್ಜ್‌ಗೂ ಬಂದ್ರೆ ಅಟ್ರಾಸಿಟಿ ಕೇಸಿನ ಗತಿಯೇನು?

ಹಾಗಂತ ಈಗಿರೋದು ಸರಿಯಾ? ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಮತ್ತು ಇಬ್ಬರು ಹಿರಿಯ ಜಡ್ಜ್‌ಗಳು ಹೆಸರು ಕಳಿಸ್ತಾರೆ. ಸರ್ಕಾರಗಳ ಅಭಿಪ್ರಾಯ, ಐಬಿ ವರದಿ ಸೇರ್ಕೊಂಡು ಫೈಲು ದೆಹಲಿ ಕೊಲಿಜಿಯಂಗೆ ಹೋಗುತ್ತೆ. ಕೊನೆಗೆ ರಾಷ್ಟ್ರಪತಿಗಳ ಸಹಿ. ಕೊಲಿಜಿಯಂ ಅನ್ನೋ ಪದ ಸಂವಿಧಾನದಲ್ಲೇ ಇಲ್ಲ, ಅದು 1993ರ ತೀರ್ಪಿನಿಂದ ಬಂದದ್ದು. ಮುಖ್ಯ ನ್ಯಾಯಮೂರ್ತಿಯೂ ಮನುಷ್ಯನೇ, ಅವರಿಗೂ ನಮ್ಮಂತೆ ದೌರ್ಬಲ್ಯಗಳಿರ್ತವೆ, ನೇಮಕದಲ್ಲಿ ಅವರದೇ ಕೊನೇ ಮಾತಾಗಬಾರದು ಅಂತ ಬಾಬಾಸಾಹೇಬರು 1949ರಲ್ಲೇ ಸಂವಿಧಾನ ಸಭೆಯಲ್ಲಿ ಎಚ್ಚರಿಸಿದ್ರು.

ಫಲ ಏನು? 2018ರಿಂದ ನೇಮಕ ಆದ 715 ಹೈಕೋರ್ಟ್ ಜಡ್ಜ್‌ಗಳಲ್ಲಿ ಪರಿಶಿಷ್ಟ ಜಾತಿಯವರು 22, ಪಂಗಡದವರು 16. ಇದು 2025ರಲ್ಲಿ ಕೇಂದ್ರ ಸರ್ಕಾರವೇ ಸಂಸತ್ತಿಗೆ ಕೊಟ್ಟ ಲೆಕ್ಕ. ಕರ್ನಾಟಕದಲ್ಲಿ ನೂರಕ್ಕೆ 17 ಜನ ಪರಿಶಿಷ್ಟ ಜಾತಿಯೋರು. ಜಡ್ಜ್‌ಗಳಲ್ಲಿ ನೂರಕ್ಕೆ ಮೂರು! ಗವಾಯಿ ಸಾಹೇಬ್ರು ಸಿಜೆಐ ಆದ್ರಲ್ಲ ಅಂತೀರಾ? 1950ರಿಂದ ಎಣಿಸಿ: ಬಾಲಕೃಷ್ಣನ್ ಮತ್ತು ಗವಾಯಿ, ಇಬ್ಬರೇ.

ಕಂಬಾಲಪಲ್ಲಿ ನೆನಪಿದೆಯಾ? 2000ನೇ ಇಸವಿಯಲ್ಲಿ ಏಳು ದಲಿತರನ್ನ ಸುಟ್ರು. ಸಾಕ್ಷಿಗಳು ತಿರುಗಿಬಿದ್ರು, ಆರೋಪಿಗಳು ಬಿಡುಗಡೆ ಆದ್ರು, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡೀತು. ಜಡ್ಜ್ ದಲಿತರಾಗಿದ್ರೆ ತೀರ್ಪು ಬೇರೆ ಆಗ್ತಿತ್ತು ಅಂತ ನಾನು ಹೇಳ್ತಿಲ್ಲ. ಸಾಕ್ಷಿ ಯಾಕೆ ತಿರುಗಿಬಿದ್ದ ಅನ್ನೋದು ಕೇರಿಯ ಭಯ ಉಂಡವರಿಗೆ ಬೇಗ ಅರ್ಥ ಆಗುತ್ತೆ, ಅಷ್ಟೇ.

ಸಿವಿಲ್ ಜಡ್ಜ್ ಹುದ್ದೆಗೆ ಪರೀಕ್ಷೆ ಇದೆ, ಮೀಸಲಾತಿ ಇದೆ. ನಮ್ಮ ಮಕ್ಕಳು ಬರೆದು ಗೆಲ್ತಿದ್ದಾರೆ. ಹೈಕೋರ್ಟಿನ ಬಾಗಿಲಿಗೆ ಬಂದಾಗ ಮಾತ್ರ ಎರಡೂ ನಿಂತುಹೋಗ್ತವೆ.

ನೇಮಕಾನ ಪೂರಾ ಸರ್ಕಾರದ ಕೈಗೆ ಕೊಡಿ ಅಂತಾನೂ ನಾವು ಕೇಳ್ತಿಲ್ಲ. ನಮ್ಮ ಬೇಡಿಕೆ ಮೂರು: ಯಾರ ಹೆಸರು ಪರಿಗಣಿಸಿದ್ರಿ, ಯಾರನ್ನ ಯಾಕೆ ಬಿಟ್ರಿ ಅಂತ ಬಹಿರಂಗ ಮಾಡಿ. ಪ್ರತಿ ವರ್ಷ ಜಾತಿವಾರು ಲೆಕ್ಕ ಕೊಡಿ. ಮೇಲಿನ ಕೋರ್ಟುಗಳಲ್ಲೂ ಪ್ರಾತಿನಿಧ್ಯವನ್ನ ಕಾನೂನು ಮಾಡಿ.

ಆ ಹುಡುಗ ನಾಳೆ ಕಪ್ಪು ಕೋಟು ಹಾಕ್ತಾನೆ. ಅವನಿಗೆ ಮೇಲೆ ಹತ್ತೋ ಮೆಟ್ಟಿಲು ಕಾಣೋ ಹಾಗಿರಲಿ.

ಜೈ ಭೀಮ್. ಓದಿ, ಹಂಚಿ, ನಿಮ್ಮೂರಲ್ಲೂ ಚರ್ಚೆ ಮಾಡಿ.