ಸದ್ದಡಗಿಸುವುದು ನೀರಲ್ಲ, ರೇಡಿಯೇಟರ್

‘ವರ್ಕ್‌ಸ್ಟೇಷನ್ ಸದ್ದು ಮಾಡುತ್ತಿದೆಯೇ? ವಾಟರ್ ಕೂಲಿಂಗ್ ಹಾಕಿಸಿ, ಮುಗಿಯಿತು’ ಎಂದು ಬರೆದ ಲೇಖಕರ ಸಲಹೆ ಓದುಗರ ದುಡ್ಡಿಗೆ ಕುತ್ತು. ನೀರು ಶಾಖವನ್ನು ಸಾಗಿಸುತ್ತದೆ, ಅಷ್ಟೆ. ಅದನ್ನು ಹೊರಹಾಕಲು ಕೊನೆಗೂ ಫ್ಯಾನೇ ತಿರುಗಬೇಕು.

ಲೆಕ್ಕ ನೋಡಿ. ಥ್ರೆಡ್‌ರಿಪ್ಪರ್ 7980ಎಕ್ಸ್ ಪ್ರೊಸೆಸರ್ 350 ವಾಟ್, ಆರ್‌ಟಿಎಕ್ಸ್ 4090 ಕಾರ್ಡ್ 450 ವಾಟ್. ಈ 800 ವಾಟ್ ಶಾಖವನ್ನು ಲೇಖಕರು ಹೇಳುವ ಒಂದೇ 240 ಮಿ.ಮೀ. ರೇಡಿಯೇಟರ್‌ಗೆ ಹೊರಿಸಿದರೆ ಫ್ಯಾನುಗಳು ಪೂರ್ಣ ವೇಗದಲ್ಲಿ ಅರಚುತ್ತವೆ. ಪಂಪಿನ ಗುಂಯ್ ಸದ್ದು ಬೇರೆ. 360ರ ಎರಡು ರೇಡಿಯೇಟರ್ ಇದ್ದರೆ ಫ್ಯಾನುಗಳನ್ನು ನಿಧಾನವಾಗಿ ತಿರುಗಿಸಬಹುದು. ಕೋಣೆಯ ಬಿಸಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು: 2024ರ ಏಪ್ರಿಲ್‌ನಲ್ಲಿ ಬೆಂಗಳೂರು 38 ಡಿಗ್ರಿ ದಾಟಿತ್ತು. ಕೋಣೆಯ ಗಾಳಿಗಿಂತ ನೀರು ತಣ್ಣಗಾಗದು. ವೈಟ್‌ಫೀಲ್ಡಿನ ಎಸಿ ಆಫೀಸಿಗೆ ಸಾಕಾಗುವ ರೇಡಿಯೇಟರ್ ಅಳತೆ ಎಲೆಕ್ಟ್ರಾನಿಕ್ ಸಿಟಿಯ ಬಾಡಿಗೆ ಮನೆಗೆ ಹೊಂದದು.

‘ಮನೆಯ ನೀರೇ ಸಾಕು’ ಎಂಬ ಅವರ ಮಾತಂತೂ ಅಪಾಯಕಾರಿ. ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ತಳ ನೋಡಿದ್ದೀರಾ? ಆ ಬಿಳಿ ಪೊರೆಯೇ ಪ್ರೊಸೆಸರ್ ಮೇಲೆ ಕೂರುವ ವಾಟರ್ ಬ್ಲಾಕಿನೊಳಗಿನ ಕೂದಲೆಳೆಯಂಥ ಸಂದುಗಳಲ್ಲಿ ಕೂರುತ್ತದೆ. ಡಿಸ್ಟಿಲ್ಡ್ ವಾಟರ್‌ಗೆ ತುಕ್ಕುನಿರೋಧಕ ಬೆರೆಸಿ, ಇಲ್ಲವೇ ಸಿದ್ಧ ಕೂಲಂಟ್ ಹಾಕಿ. ತಾಮ್ರದ ಬ್ಲಾಕಿಗೆ ಅಗ್ಗದ ಅಲ್ಯೂಮಿನಿಯಂ ರೇಡಿಯೇಟರ್ ಜೋಡಿಸಿದರೆ ಅಲ್ಯೂಮಿನಿಯಂ ಸವೆದು ಸೋರತೊಡಗುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಕೊಳ್ಳುವಾಗ ಬೆಲೆಗಿಂತ ಮೊದಲು ಲೋಹ ಯಾವುದೆಂದು ಕೇಳಿ.

ಪೀಣ್ಯದ ಗ್ರೈಂಡಿಂಗ್ ಶೆಡ್ಡಿನ ಪಕ್ಕ ಕೂತು ಡಿಸೈನ್ ಮಾಡುವವರು ಫಿಲ್ಟರ್ ಜಾಲರಿ ಹಾಕಿಸಿ, ಆಗಾಗ ಬ್ಲೋಯರ್ ಹಿಡಿಯಲೇಬೇಕು. ಧೂಳು ಕಟ್ಟಿದ ರೇಡಿಯೇಟರ್ ಎಷ್ಟು ದೊಡ್ಡದಿದ್ದರೂ ದಂಡ.

ದೊಡ್ಡ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಸಾಧಾರಣ ಯಂತ್ರಕ್ಕೆ ಒಳ್ಳೆಯ ಏರ್ ಕೂಲರೇ ಸಾಕು. ನೀರಿನ ಗೊಡವೆ ಬೇಡ.